ಹಾಲಿಗೆ ಬೇಕಾದ ಹೊತ್ತು

ಚೀನೀ ತಾಯಂದಿರು ಹಸುಗೂಸಿಗೆ ಎದೆಹಾಲು ಕೊಡುತ್ತಾರೋ ಡಬ್ಬಿ ಹಾಲು ಕೊಡುತ್ತಾರೋ ಎಂದು ಯಾರಾದರೂ ಕೇಳಿದರೆ, ಯಾವ ಊರಿನವರು, ಯಾವ ಕಾಲದವರು ಎಂದು ತಿರುಗಿ ಕೇಳಬೇಕಾಗುತ್ತದೆ. ಹಾಂಗ್‌ಕಾಂಗ್‌ನಲ್ಲಿ 1990ರ ದಶಕದ ಆರಂಭದಲ್ಲಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಐವರು ಬಾಣಂತಿಯರಲ್ಲಿ ಒಬ್ಬಳು ಎದೆಹಾಲು ಕುಡಿಸುತ್ತಿದ್ದರೆ ಅದೇ ಹೆಚ್ಚು. ಎರಡು ದಶಕ ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಐವರಲ್ಲಿ ನಾಲ್ವರು ಕುಡಿಸುತ್ತಿದ್ದರು. ಆಡುವ ಕ್ಯಾಂಟನೀಸ್ ಭಾಷೆ ಬದಲಾಗಿರಲಿಲ್ಲ, ಬಾಣಂತಿಗೆ ಶುಂಠಿ ಮತ್ತು ವಿನೆಗರ್ ಹಾಕಿ ಬೇಯಿಸುವ ಹಂದಿಕಾಲಿನ ಸಾರು ಬದಲಾಗಿರಲಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ ಚೀನೀ ವಲಸಿಗರಲ್ಲಿ ಎದೆಹಾಲು ಕುಡಿಸುವವರು ತೀರಾ ಕಡಿಮೆ ಎಂಬುದನ್ನು ಕಂಡ ಮಕ್ಕಳ ವೈದ್ಯೆ ಆಲಿಸ್ ಚಾನ್-ಯಿಪ್ ಅವರು ಮೈಕೆಲ್ ಕ್ರೇಮರ್ ಜೊತೆ ಸೇರಿ, ಗರ್ಭಿಣಿಯರೊಂದಿಗೆ ಕೂತು ಮಾತಾಡುವ, ಹೆರಿಗೆಯ ನಂತರವೂ ಬೆನ್ನಿಗೆ ನಿಲ್ಲುವ ಪ್ರಯೋಗವೊಂದನ್ನು ಮಾಡಿದರು. ಕುಡಿಸುವವರ ಪ್ರಮಾಣ ಏರಿತು. 1983ರಲ್ಲಿ ಫಲಿತಾಂಶ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಇತ್ತ ಚೀನಾದಲ್ಲೇ ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿಯುವ ಮಕ್ಕಳು ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಶೇ. 30ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ. ಭಾರತದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಅಂಕಿ ಶೇ. 63.7 ಇದೆ.

ಇಷ್ಟೆಲ್ಲ ಏರಿಳಿತ ಕಣ್ಣೆದುರಿಗಿದ್ದರೂ ವಲಸಿಗ ತಾಯಂದಿರ ಕುರಿತ ವರದಿಗಳಲ್ಲಿ ಎರಡು ಕಾರಣಗಳು ಮತ್ತೆ ಮತ್ತೆ ಬರುತ್ತವೆ. ಅವರ ಸಂಪ್ರದಾಯವೇ ಹಾಗೆ ಎಂಬುದು ಒಂದು, ಅವರಿಗೆ ತಿಳಿವಳಿಕೆ ಸಾಲದು ಎಂಬುದು ಇನ್ನೊಂದು. ಸಂಪ್ರದಾಯವೇ ಕಾರಣವಾಗಿದ್ದರೆ ಒಂದು ತಲೆಮಾರಿನೊಳಗೆ ಹಾಂಗ್‌ಕಾಂಗ್ ಹೀಗೆ ಮಗುಚಿಕೊಳ್ಳುತ್ತಿರಲಿಲ್ಲ. ತಿಳಿವಳಿಕೆಯ ಕೊರತೆಯೇ ಕಾರಣವಾಗಿದ್ದರೆ, ವಲಸೆ ಬಂದ ದೇಶದಲ್ಲಿ ವರ್ಷಗಳು ಕಳೆದಂತೆ, ಭಾಷೆ ಬಂದಂತೆ, ವೈದ್ಯರ ಪರಿಚಯ ಬೆಳೆದಂತೆ ಎದೆಹಾಲು ಕುಡಿಸುವುದು ಹೆಚ್ಚಬೇಕಿತ್ತು. ಬ್ರಿಟನ್ನಿನಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಮಿಲೇನಿಯಮ್ ಕೋಹಾರ್ಟ್ ಅಧ್ಯಯನದ ಮಾಹಿತಿಯನ್ನು ಆಧರಿಸಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿತು. ಬೇರೆ ಬೇರೆ ಮೂಲದ ವಲಸಿಗ ತಾಯಂದಿರನ್ನೆಲ್ಲ ಒಟ್ಟಾಗಿ ನೋಡಿದಾಗ, ಆ ದೇಶದಲ್ಲಿ ಹೆಚ್ಚು ವರ್ಷ ಕಳೆದವರು ನಾಲ್ಕು ತಿಂಗಳವರೆಗೆ ಎದೆಹಾಲು ಕುಡಿಸುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗಿತ್ತು. ಈ ಅಧ್ಯಾಯದಲ್ಲಿ ನಾನು ಮುಂದಿಡುವ ವಾದ ಬೇರೆ. ತಾಯಿ ಮತ್ತು ಕೂಸು ಒಂದೇ ಕಡೆ ಇರಲು ಅವರಿಗೆ ಎಷ್ಟು ಹೊತ್ತು ಸಿಗುತ್ತದೆ, ಆ ಹೊತ್ತು ಯಾರ ಕೈಯಲ್ಲಿದೆ ಎಂಬುದೇ ಕೂಸಿನ ಆಹಾರವನ್ನು ಬಹುಪಾಲು ನಿರ್ಧರಿಸುತ್ತದೆ. ವಲಸೆ ಮೊದಲು ಕಸಿದುಕೊಳ್ಳುವುದು ಈ ಹೊತ್ತನ್ನೇ.

ಹೊತ್ತಿಗೆ ಇಷ್ಟು ಮಹತ್ವ ಯಾಕೆ ಎಂದು ತಿಳಿಯಲು ಹಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಗರ್ಭದ ನಡುಗಾಲದ ಹೊತ್ತಿಗೇ ಸ್ತನಗಳು ಹಾಲು ತಯಾರಿಸಲು ಸಜ್ಜಾಗಿರುತ್ತವೆ. ಆದರೆ ಮಾಸು ಸ್ರವಿಸುವ ಪ್ರೊಜೆಸ್ಟೆರಾನ್ ಹಾರ್ಮೋನು ಅದನ್ನು ತಡೆದು ಹಿಡಿದಿರುತ್ತದೆ. ಹೆರಿಗೆಯಲ್ಲಿ ಮಾಸು ಹೊರಬಿದ್ದೊಡನೆ ಆ ತಡೆ ಸರಿಯುತ್ತದೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಕೆಲಸ ಶುರುಮಾಡುತ್ತದೆ. ಆದರೂ ಹಾಲು ಧಾರಾಳವಾಗಿ ಇಳಿಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಬರುವುದು ಹಳದಿ ಬಣ್ಣದ ಗಿಣ್ಣುಹಾಲು. ಮೊದಲ ದಿನ ಅದು ಒಟ್ಟು ಕೆಲವೇ ಚಮಚಗಳಷ್ಟು. ಕೂಸಿನ ಹೊಟ್ಟೆಗೂ ಅಷ್ಟೇ ಸಾಕು. ಈ ದಿನಗಳಲ್ಲಿ ಆರೋಗ್ಯವಂತ ಕೂಸಿನ ತೂಕ ಹುಟ್ಟಿದಾಗಿನದಕ್ಕಿಂತ ಒಂದಿಷ್ಟು ಇಳಿಯುವುದೂ ಸಹಜ. ಎರಡು ವಾರದೊಳಗೆ ಅದು ತುಂಬಿಕೊಳ್ಳುತ್ತದೆ. ಮುಂದಿನ ಘಟ್ಟದಲ್ಲಿ ಹಾರ್ಮೋನುಗಳ ಯಜಮಾನಿಕೆ ಕಡಿಮೆಯಾಗಿ ಲೆಕ್ಕಾಚಾರ ಸ್ತನದೊಳಗೇ ನಡೆಯತೊಡಗುತ್ತದೆ. ಹಾಲು ತುಂಬಿಕೊಂಡು ನಿಂತರೆ ಗ್ರಂಥಿಯ ಕೋಶಗಳು ತಯಾರಿಕೆಯನ್ನು ನಿಧಾನಿಸುತ್ತವೆ, ಖಾಲಿಯಾದರೆ ಚುರುಕಾಗುತ್ತವೆ. ಒರತೆಯ ಬಾವಿಯಲ್ಲಿ ನೀರು ಸೇದಿದಷ್ಟೂ ಊರುವ ಹಾಗೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕೂಸು ಬಾಯಿ ಹಾಕಿದರೆ ಮಾತ್ರ ಮುಂದಿನ ತಿಂಗಳುಗಳಿಗೆ ಬೇಕಾದ ಪೂರೈಕೆ ಕುದುರುತ್ತದೆ. ಮೊದಲ ಕೆಲವು ವಾರಗಳಲ್ಲಿ ತಪ್ಪಿದ್ದನ್ನು ಆಮೇಲೆ ಗಳಿಸಿಕೊಳ್ಳುವುದು ಕಷ್ಟ. ಸಾಧ್ಯವೇ ಇಲ್ಲವೆಂದಲ್ಲ, ಆದರೆ ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು.

ಹಾಲು ಸಾಲುವುದಿಲ್ಲ ಎಂಬ ದೂರನ್ನು ಈ ಬೆಳಕಿನಲ್ಲಿ ನೋಡಿ. ಎದೆಹಾಲು ಬಿಡಿಸಿದ್ದೇಕೆ ಎಂದು ಚೀನೀ ತಾಯಂದಿರನ್ನು ಕೇಳಿದ ಬಹುತೇಕ ಅಧ್ಯಯನಗಳಲ್ಲಿ, ಚೀನಾದೊಳಗಿರಲಿ ಹೊರಗಿರಲಿ, ಮೇಲೆಯೇ ಕಾಣುವ ಉತ್ತರ ಇದು. ದೇಹರಚನೆಯ ಕಾರಣಕ್ಕೇ ಹಾಲು ನಿಜವಾಗಿ ಸಾಲದ ತಾಯಂದಿರು ಎಲ್ಲ ದೇಶಗಳಲ್ಲೂ ಇದ್ದಾರೆ, ಆದರೆ ಕೆಲವರು ಮಾತ್ರ. ಉಳಿದವರ ಕೊರತೆ ಹುಟ್ಟುವ ದಾರಿಯೇ ಬೇರೆ. ಎರಡನೇ ರಾತ್ರಿ ಕೂಸು ಬಿಡದೆ ಅಳುತ್ತದೆ, ಹಾಲಿನ್ನೂ ಇಳಿದಿರುವುದಿಲ್ಲ, ಯಾರೋ ಬಾಟಲಿ ತಂದುಕೊಡುತ್ತಾರೆ. ಹೊಟ್ಟೆ ತುಂಬಿದ ಕೂಸು ಮೂರ್ನಾಲ್ಕು ಗಂಟೆ ನಿದ್ದೆಹೋಗುತ್ತದೆ. ಆ ಹೊತ್ತಿನಲ್ಲಿ ಎದೆಯನ್ನು ಯಾರೂ ಖಾಲಿ ಮಾಡುವುದಿಲ್ಲ, ತಯಾರಿಕೆ ತಗ್ಗುತ್ತದೆ, ಮರುದಿನ ಹಾಲು ನಿಜಕ್ಕೂ ಕಡಿಮೆ ಬರುತ್ತದೆ. ಮೊದಲಿಗೆ ಬರೀ ಅನುಮಾನವಾಗಿದ್ದದ್ದು ವಾರದೊಳಗೆ ವಾಸ್ತವವಾಗಿರುತ್ತದೆ. ತಾಯಿ ಹೇಳಿದ್ದು ಸುಳ್ಳಲ್ಲ, ಅವಳು ಕಂಡದ್ದನ್ನೇ ಹೇಳಿದ್ದಾಳೆ. ತಿಳಿವಳಿಕೆ ಸಾಲದು ಎಂದು ಅವಳ ಬಗ್ಗೆ ಬರೆಯುವವರು ಈ ಸರಪಳಿಯ ಕೊನೆಯ ಕೊಂಡಿಯನ್ನಷ್ಟೇ ನೋಡಿರುತ್ತಾರೆ.

ಚೀನೀ ಮಕ್ಕಳಲ್ಲಿ ಈ ಸರಪಳಿಗೆ ಇನ್ನೊಂದು ಕೊಂಡಿ ಸೇರುತ್ತದೆ, ಅದು ತಳಿಗುಣದ್ದು. ಹುಟ್ಟಿದ ಮಕ್ಕಳ ಮೈ ಹಳದಿಯಾಗುವ ಕಾಮಾಲೆ ಎಲ್ಲ ಜನಾಂಗಗಳಲ್ಲೂ ಇದ್ದರೂ ಪೂರ್ವ ಏಷ್ಯಾದ ಮೂಲದವರಲ್ಲಿ ಹೆಚ್ಚು, ತೀವ್ರತೆಯೂ ಹೆಚ್ಚು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2004ರ ಮಾರ್ಗಸೂಚಿಯಲ್ಲಿ ಪೂರ್ವ ಏಷ್ಯಾದ ಮೂಲವನ್ನೇ ಒಂದು ಅಪಾಯಸೂಚಕವಾಗಿ ಪಟ್ಟಿಮಾಡಿತ್ತು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಕರಗುವ ರೂಪಕ್ಕೆ ತಂದು ಹೊರಹಾಕಬೇಕು. ಆ ಕೆಲಸದ ಕಿಣ್ವವನ್ನು ರೂಪಿಸುವ ಯುಜಿಟಿ1ಎ1 ಎಂಬ ಜೀನಿನ ಒಂದು ಬದಲಿ ರೂಪ ಚೀನೀಯರಲ್ಲಿ, ಜಪಾನೀಯರಲ್ಲಿ, ಕೊರಿಯನ್ನರಲ್ಲಿ ಸಾಮಾನ್ಯ. ಆ ರೂಪವಿದ್ದವರಲ್ಲಿ ಕಿಣ್ವ ಮಂದ. ಗುವಾಂಗ್‌ಡಾಂಗ್‌ನಂಥ ದಕ್ಷಿಣ ಪ್ರಾಂತ್ಯಗಳಲ್ಲಿ, ಕೆಂಪು ರಕ್ತಕಣಗಳು ಸುಲಭವಾಗಿ ಒಡೆಯುವಂತೆ ಮಾಡುವ ಜಿ6ಪಿಡಿ ಕಿಣ್ವದ ಕೊರತೆಯೂ ವ್ಯಾಪಕವಾಗಿದೆ. ಮೊದಲ ದಿನಗಳಲ್ಲಿ ಕೂಸಿಗೆ ಹಾಲು ಸರಿಯಾಗಿ ಸಿಗದಿದ್ದರೆ ಮಲ ಹೋಗುವುದು ತಡವಾಗಿ, ಕರುಳು ಸೇರಿದ ಬಿಲಿರುಬಿನ್ ಮರಳಿ ರಕ್ತಕ್ಕೆ ಸೇರಿಕೊಳ್ಳುತ್ತದೆ. ಬಹಳಷ್ಟು ಮಕ್ಕಳಿಗೆ ಪದೇ ಪದೇ ಎದೆಗೆ ಹಾಕಿಕೊಳ್ಳುವುದು ಮತ್ತು ಬೇಕಿದ್ದರೆ ನೀಲಿ ಬೆಳಕಿನ ಕೆಳಗೆ ಮಲಗಿಸುವುದು ಚಿಕಿತ್ಸೆಯಾಗಿ ಸಾಕಾಗುತ್ತದೆ. ಆದರೆ ಹೆರಿಗೆಯಾದ ಎರಡೇ ದಿನಕ್ಕೆ ಮನೆಗೆ ಕಳಿಸುವ ಆಸ್ಪತ್ರೆಯಲ್ಲಿ, ನರ್ಸಿನ ಮಾತು ಪೂರ್ತಿ ಅರ್ಥವಾಗದ ಬಾಣಂತಿಗೆ ದಾಟುವ ಸಂದೇಶ ಹೆಚ್ಚಾಗಿ ಒಂದೇ: ನಿನ್ನ ಹಾಲಿನಿಂದ ಕೂಸು ಹಳದಿಯಾಗಿದೆ, ಪುಡಿಹಾಲು ಕೊಡು. ಒಂದು ಜೀನಿನ ಮಂದಗತಿ ತಾಯಿಯ ಎದೆಹಾಲಿನ ದೋಷವಾಗಿ ದಾಖಲಾಗುವುದು ಹೀಗೆ.

ಸಂಪ್ರದಾಯದ ಮಾತಿಗೆ ಬರೋಣ. ಚೀನೀಯರ ಬಾಣಂತನಕ್ಕೆ ಝೂವೊ ಯುಯೆಝಿ ಎನ್ನುತ್ತಾರೆ. ತಿಂಗಳ ಕಾಲ ಮನೆಯಿಂದ ಹೊರಬೀಳಬಾರದು, ತಣ್ಣೀರು ಮುಟ್ಟಬಾರದು, ಗಾಳಿಗೆ ಮೈಯೊಡ್ಡಬಾರದು, ಶೀತದ ಆಹಾರ ಕೂಡದು. ಶುಂಠಿ, ಕೆಂಪು ಖರ್ಜೂರ, ಅಕ್ಕಿ ಮದ್ಯದಲ್ಲಿ ಬೇಯಿಸಿದ ಕೋಳಿ, ಹಾಲು ಹೆಚ್ಚಲೆಂದು ಕಡಲೆಕಾಯಿ ಬೀಜ ಹಾಕಿದ ಹಂದಿಕಾಲಿನ ಸಾರು ಅಥವಾ ಪರಂಗಿಕಾಯಿಯೊಡನೆ ಮೀನಿನ ಸಾರು. ಕಿವಿಗೆ ಬಟ್ಟೆ ಕಟ್ಟಿಸಿಕೊಂಡು ಸಬ್ಬಸಿಗೆ ಸೊಪ್ಪಿನ ಸಾರು ಉಂಡ ನಮ್ಮ ಕಡೆಯ ಬಾಣಂತಿಯರಿಗೆ ಇದರಲ್ಲಿ ವಿಚಿತ್ರವೆನಿಸುವಂಥದ್ದು ಹೆಚ್ಚೇನಿಲ್ಲ. ಇಂಥ ಆಚಾರವನ್ನು ಎದೆಹಾಲಿಗೆ ಅಡ್ಡಿ ಎಂದು ಬಣ್ಣಿಸುವುದು ನನಗಂತೂ ಒಪ್ಪಿಗೆಯಾಗದು. ತಿಂಗಳು ಪೂರ್ತಿ ಬೇರೆ ಕೆಲಸವಿಲ್ಲದೆ, ಬೇರೆಯವರು ಬೇಯಿಸಿಟ್ಟದ್ದನ್ನು ಉಣ್ಣುತ್ತಾ ಕೂಸಿನ ಪಕ್ಕದಲ್ಲೇ ಮಲಗಿರುವುದು ಹಾಲು ಕುದುರಲು ಹೇಳಿ ಮಾಡಿಸಿದ ವ್ಯವಸ್ಥೆ. ಆದರೆ ಇದೇ ಆಚಾರ ವಿರುದ್ಧ ದಿಕ್ಕಿಗೂ ತಿರುಗಬಲ್ಲದು. ಬಾಣಂತಿ ಚೆನ್ನಾಗಿ ನಿದ್ದೆ ಮಾಡಲಿ ಎಂದು ಗೊತ್ತುಮಾಡಿದ ಆಯಾ ರಾತ್ರಿಯೆಲ್ಲ ಕೂಸನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ಬಾಟಲಿಯಲ್ಲಿ ಕುಡಿಸಿದರೆ, ಪ್ರೊಲ್ಯಾಕ್ಟಿನ್ ಏರುವ ರಾತ್ರಿಯ ಗಂಟೆಗಳೇ ಕೈತಪ್ಪುತ್ತವೆ. ತೈವಾನಿನಲ್ಲಿ ಬೆಳೆದು ಈಗ ನ್ಯೂಯಾರ್ಕಿನ ಫ್ಲಶಿಂಗ್, ಲಾಸ್ ಏಂಜಲೀಸ್ ಬಳಿಯ ಸ್ಯಾನ್ ಗೇಬ್ರಿಯಲ್ ಕಣಿವೆಗಳಲ್ಲೂ ಇರುವ ಬಾಣಂತನದ ಕೇಂದ್ರಗಳಲ್ಲಿ ಕೂಸುಗಳನ್ನು ಒಂದೆಡೆ ಸಾಲಾಗಿ ಮಲಗಿಸಿ ನೋಡಿಕೊಳ್ಳುವ ಪದ್ಧತಿ ಇದ್ದರೆ ಅಲ್ಲೂ ಇದೇ ಕತೆ. ಆಚಾರ ಒಂದೇ, ಅದು ಕೊಡುವ ಹೊತ್ತು ತಾಯಿ-ಕೂಸು ಇಬ್ಬರಿಗೂ ಸೇರಿ ಸಿಗುತ್ತದೋ ಬೇರೆ ಬೇರೆಯಾಗಿಯೋ ಎಂಬುದರ ಮೇಲೆ ಫಲ ಬದಲಾಗುತ್ತದೆ.

ಹಾಂಗ್‌ಕಾಂಗ್‌ನಲ್ಲಿ ಬದಲಾದದ್ದೇನು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಕಾರಣಗಳು ಹಲವಾದರೂ ಚೊಕ್ಕವಾಗಿ ಅಳೆಯಬಹುದಾದ ಒಂದು ಕಾರಣ ಸಿಕ್ಕಿತು. 2010ರ ಏಪ್ರಿಲ್‌ವರೆಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಕಂಪನಿಗಳಿಂದ ಪುಡಿಹಾಲನ್ನು ಪುಕ್ಕಟೆಯಾಗಿ ಪಡೆಯುತ್ತಿದ್ದವು. ಆ ತಿಂಗಳಿಂದ ಮಾರುಕಟ್ಟೆಯ ಬೆಲೆ ಕೊಟ್ಟು ಕೊಳ್ಳತೊಡಗಿದವು. ಸಂಶೋಧಕಿ ಮರೀ ಟಾರಂಟ್ ಮತ್ತು ಸಂಗಡಿಗರು ಅದಕ್ಕೆ ಮುಂಚೆ ಹೆತ್ತವರನ್ನೂ ಆಮೇಲೆ ಹೆತ್ತವರನ್ನೂ ಹೋಲಿಸಿದಾಗ, ಆಸ್ಪತ್ರೆಯಲ್ಲಿರುವಷ್ಟು ದಿನ ಬರೀ ಎದೆಹಾಲು ಕುಡಿದ ಮಕ್ಕಳ ಪ್ರಮಾಣ ಗಣನೀಯವಾಗಿ ಏರಿತ್ತು. ತಾಯಂದಿರಿಗೆ ಯಾರೂ ಹೊಸದಾಗಿ ಬೋಧನೆ ಮಾಡಬೇಕಾಗಿ ಬರಲಿಲ್ಲ. ಡಬ್ಬಿಗೆ ದುಡ್ಡು ತೆರಬೇಕಾಗಿ ಬಂದಾಗ ವಾರ್ಡಿನಲ್ಲಿ ಬಾಟಲಿ ಹಿಡಿದು ಬರುವ ಕೈಗಳು ತಡೆದವು. ಆದರೆ ಅದೇ ಹಾಂಗ್‌ಕಾಂಗ್‌ನಲ್ಲಿ ಸಂಬಳದ ಹೆರಿಗೆ ರಜೆ 2020ರ ಡಿಸೆಂಬರ್‌ವರೆಗೂ ಹತ್ತೇ ವಾರ ಇತ್ತು, ಈಗ ಹದಿನಾಲ್ಕು. ಆಸ್ಪತ್ರೆಯ ಬಾಗಿಲಲ್ಲಿ ಅಷ್ಟು ಚೆನ್ನಾಗಿ ಕಾಣುವ ಅಂಕಿ ಕೆಲವೇ ತಿಂಗಳಲ್ಲಿ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ.

ಈ ವಾದಕ್ಕೆ ಎಲ್ಲಕ್ಕಿಂತ ಕಠಿಣವಾದ ಪುರಾವೆ ಸಿಗುವುದು ನ್ಯೂಯಾರ್ಕಿನ ಫೂಜಿಯನ್ ವಲಸಿಗರಲ್ಲಿ. ಚೀನಾದ ಆಗ್ನೇಯ ಕರಾವಳಿಯ ಫೂಜಿಯನ್ ಪ್ರಾಂತ್ಯದಲ್ಲಿ, ಫೂಝೌ ನಗರದ ಸುತ್ತಲ ಚಾಂಗ್ಲೆ, ಲಿಯಾನ್‌ಜಿಯಾಂಗ್‌ನಂಥ ಊರುಗಳಿಂದ 1980ರ ದಶಕದ ನಂತರ ಹತ್ತಾರು ಸಾವಿರ ಜನ ಅಮೆರಿಕಕ್ಕೆ ಹೋದರು, ಬಹುಪಾಲು ಕಳ್ಳದಾರಿಯಲ್ಲಿ. 1993ರ ಜೂನ್‌ನಲ್ಲಿ ಗೋಲ್ಡನ್ ವೆಂಚರ್ ಎಂಬ ಹಡಗು ಕ್ವೀನ್ಸ್‌ನ ರಾಕವೇ ದಡದಲ್ಲಿ ಮರಳಿಗೆ ಕಚ್ಚಿಕೊಂಡಾಗ ಅದರಲ್ಲಿದ್ದ 286 ಮಂದಿಯಲ್ಲಿ ಹೆಚ್ಚಿನವರು ಈ ಕಡೆಯವರೇ. ದಾಟಿಸುವ ದಲ್ಲಾಳಿಗೆ ಆಗಲೇ ತಲೆಗೆ ಸುಮಾರು 30,000 ಡಾಲರ್ ದರವಿತ್ತು, ಮುಂದೆ ಅದು ಇಮ್ಮಡಿಯಾಯಿತು. ನೆಂಟರಿಂದ, ಬಡ್ಡಿಗೆ ಕೊಡುವವರಿಂದ ಎತ್ತಿದ ಈ ಸಾಲ ತೀರುವವರೆಗೆ ಗಂಡ ಹೆಂಡತಿ ಇಬ್ಬರೂ ದುಡಿಯಲೇಬೇಕು. ಮ್ಯಾನ್‌ಹ್ಯಾಟನ್ನಿನ ಈಸ್ಟ್ ಬ್ರಾಡ್‌ವೇ ಸುತ್ತಲಿನ ಉದ್ಯೋಗದ ಏಜೆನ್ಸಿಗಳು ಒಂದು ಫೋನ್ ನಂಬರು, ಬಸ್ ಹತ್ತುವ ಜಾಗ ಹೇಳಿ ದೂರದ ರಾಜ್ಯಗಳ ಹೋಟೆಲುಗಳಿಗೆ ಇವರನ್ನು ಕಳಿಸುತ್ತವೆ. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಆರು ದಿನದ ದುಡಿಮೆ, ಮಾಲೀಕ ಕೊಟ್ಟ ಕೋಣೆಯಲ್ಲಿ ನಾಲ್ಕಾರು ಮಂದಿಯ ವಾಸ. ಇಂಥಲ್ಲಿ ಕೂಸು ಹುಟ್ಟಿದರೆ ಅದು ಹುಟ್ಟಿನಿಂದಲೇ ಅಮೆರಿಕದ ಪ್ರಜೆ, ಆದರೆ ಅದನ್ನು ನೋಡಿಕೊಳ್ಳುವವರಿಲ್ಲ. ನ್ಯೂಯಾರ್ಕಿನಲ್ಲಿ ಕೂಸು ನೋಡಿಕೊಳ್ಳಲು ಕೊಡಬೇಕಾದ ದುಡ್ಡು ತಾಯಿಯ ದುಡಿಮೆಯ ದೊಡ್ಡ ಪಾಲನ್ನು ನುಂಗುತ್ತದೆ. ಹಾಗಾಗಿ ಕೆಲವೇ ತಿಂಗಳ ಕೂಸನ್ನು ಊರಿಗೆ ಹೊರಟ ಪರಿಚಯದವರ ಕೈಯಲ್ಲಿ ಅಜ್ಜ ಅಜ್ಜಿಯರ ಬಳಿಗೆ ಕಳಿಸುವ ಪದ್ಧತಿ ಬೆಳೆಯಿತು. ಕೂಸು ಮರಳುವುದು ಪುಕ್ಕಟೆ ಸರ್ಕಾರಿ ಶಾಲೆಗೆ ಸೇರುವ ವಯಸ್ಸಿಗೆ. ಸಂಶೋಧಕರು ಇವರನ್ನು ಉಪಗ್ರಹ ಮಕ್ಕಳು ಎಂದು ಕರೆದರು. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಇವಾನ್ ಬೋರ್ ಈ ಅಗಲಿಕೆಯ ಪರಿಣಾಮಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನ್ಯೂಯಾರ್ಕಿನ ಚೈನಾಟೌನಿನ ಆರೋಗ್ಯ ಕೇಂದ್ರವೊಂದರ ಬಡ ಗರ್ಭಿಣಿಯರ ಸಮೀಕ್ಷೆ 2009ರಲ್ಲಿ ಪ್ರಕಟವಾದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಹುಟ್ಟಲಿರುವ ಕೂಸನ್ನು ಹೀಗೆ ಕಳಿಸುವ ಇರಾದೆ ಹೊಂದಿದ್ದರು.

ಆ ಗರ್ಭಿಣಿಯ ಜಾಗದಲ್ಲಿ ನಿಂತು ಯೋಚಿಸಿ. ಮೂರು ತಿಂಗಳಿಗೆ ಕೂಸು ಏಳು ಸಮುದ್ರದಾಚೆಗೆ ಹೋಗುವುದು ಖಾತ್ರಿ. ಎದೆಗೆ ಒಗ್ಗಿದ ಕೂಸು ಬಾಟಲಿಯನ್ನು ತಳ್ಳಿದರೆ ವಿಮಾನದಲ್ಲಿ ಅದನ್ನು ಹೊತ್ತೊಯ್ಯುವವರ ಗತಿ ಏನು? ಅಜ್ಜಿಯ ಮಡಿಲಲ್ಲಿ ಮೊದಲ ವಾರ ಉಪವಾಸ ಬಿದ್ದರೆ? ಹಾಲು ತುಂಬಿದ ಎದೆಯಿಂದ ಕೂಸನ್ನು ಥಟ್ಟನೆ ಬಿಡಿಸಿದರೆ ಗಡ್ಡೆ ಕಟ್ಟಿ, ಜ್ವರ ಬಂದು, ವೋಕ್ ಬಾಣಲೆಯ ಮುಂದೆ ನಿಲ್ಲುವುದು ಹೇಗೆ? ಮೊದಲ ದಿನದಿಂದಲೇ ಬಾಟಲಿ ರೂಢಿಸುವುದು ಇಲ್ಲಿ ಅಜ್ಞಾನದ ಫಲವಲ್ಲ. ಎದೆಹಾಲು ಶ್ರೇಷ್ಠ ಎಂದು ಆಸ್ಪತ್ರೆಯ ಗೋಡೆಯ ಮೇಲಿನ ಚಿತ್ರ ಹೇಳುವುದನ್ನು ಅವಳೂ ಒಪ್ಪಿರಬಹುದು. ಅವಳ ಲೆಕ್ಕದಲ್ಲಿ ಆ ಶ್ರೇಷ್ಠತೆಗೆ ಮೂರೇ ತಿಂಗಳ ಆಯಸ್ಸಿದೆ, ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಪೂರ್ತಿ. ಇದೇ ಫೂಝೌ ಮೂಲದ ಕುಟುಂಬದ ಮಗಳು ಕ್ಯಾಲಿಫೋರ್ನಿಯಾದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು, ಸಂಬಳದ ರಜೆಯೂ ಹಾಲು ಹಿಂಡಿಕೊಳ್ಳಲು ಕೋಣೆಯೂ ಇದ್ದಾಗ ಮಾಡುವ ಲೆಕ್ಕ ಬೇರೆಯೇ ಆಗುತ್ತದೆ. ಅಮೆರಿಕದ ಅಂಕಿಅಂಶಗಳಲ್ಲಿ ಇವರಿಬ್ಬರೂ ಏಷ್ಯನ್ ಎಂಬ ಒಂದೇ ಕಲಮಿನಲ್ಲಿ ಕೂತಿರುತ್ತಾರೆ, ಸ್ಯಾನ್ ಹೊಸೆಯ ಕನ್ನಡತಿಯೂ ಅದೇ ಕಲಮಿನಲ್ಲಿ. ಆ ಕಲಮಿನ ಸರಾಸರಿ ಬಲು ಚೆನ್ನಾಗಿದೆ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಎದೆಹಾಲು ಶುರುವಾಗುತ್ತದೆ. ಈಸ್ಟ್ ಬ್ರಾಡ್‌ವೇಯ ತಾಯಿ ಆ ಸರಾಸರಿಯ ಕೆಳಗೆ ಕಾಣದಂತಾಗುತ್ತಾಳೆ.

ಪುಡಿಹಾಲಿನ ಕಡೆಯಿಂದಲೂ ಒಂದು ಸೆಳೆತವಿದೆ, ಅದರ ಇತಿಹಾಸ ತಿಳಿಯದೆ ವಲಸಿಗರ ನಡೆ ಅರ್ಥವಾಗದು. 2008ರಲ್ಲಿ ಚೀನಾದ ಶಿಜಿಯಾಝುವಾಂಗ್ ನಗರದ ಸಾನ್ಲು ಕಂಪನಿಯ ಪುಡಿಹಾಲಿನಲ್ಲಿ ಮೆಲಮೈನ್ ಬೆರೆತಿರುವುದು ಹೊರಬಿತ್ತು. ಆಮೇಲೆ ಇತರ ಹಲವು ಕಂಪನಿಗಳ ಹಾಲಿನಲ್ಲೂ ಸಿಕ್ಕಿತು. ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಗೆ ಬಳಸುವ ಈ ರಾಸಾಯನಿಕದಲ್ಲಿ ಸಾರಜನಕ ಹೇರಳ. ಹಾಲಿನ ಪ್ರೋಟೀನನ್ನು ನೇರವಾಗಿ ಅಳೆಯದೆ ಸಾರಜನಕವನ್ನು ಅಳೆದು ಅಂದಾಜಿಸುವ ಹಳೆಯ ಪರೀಕ್ಷೆಯನ್ನು ವಂಚಿಸಲು, ನೀರು ಬೆರೆಸಿದ ಹಾಲಿಗೆ ಅದನ್ನು ಹಾಕುತ್ತಿದ್ದರು. ಮಕ್ಕಳ ಮೂತ್ರಪಿಂಡದಲ್ಲಿ ಅದು ಯೂರಿಕ್ ಆಮ್ಲದೊಡನೆ ಸೇರಿ ಹರಳುಗಟ್ಟಿತು. ಸುಮಾರು 3,00,000 ಮಕ್ಕಳು ಬಾಧಿತರಾದರು, ಆರು ಕೂಸುಗಳು ಸತ್ತವು ಎಂದು ಸರ್ಕಾರವೇ ಒಪ್ಪಿಕೊಂಡಿತು. ಆಮೇಲೆ ವಿದೇಶಿ ಡಬ್ಬಿಯೇ ಬೇಕೆಂಬ ಹಂಬಲ ಎಷ್ಟು ಬೆಳೆಯಿತೆಂದರೆ, 2013ರ ಮಾರ್ಚಿನಿಂದ ಹಾಂಗ್‌ಕಾಂಗ್ ತನ್ನ ಗಡಿ ದಾಟುವವರಿಗೆ ತಲೆಗೆ 1.8 ಕಿಲೊ, ಅಂದರೆ ಎರಡು ಡಬ್ಬಿಯ ಮಿತಿ ಹಾಕಿತು. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಚೀನೀಯರು ಊರಿನವರಿಗಾಗಿ ಡಬ್ಬಿ ಕೊಂಡು ಕಳಿಸುವುದು ಒಂದು ವ್ಯಾಪಾರವೇ ಆಗಿ, ಅಲ್ಲಿನ ಸೂಪರ್ ಮಾರ್ಕೆಟ್‌ಗಳೂ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಕಟ್ಟುಮಾಡಿದವು. ಊರಲ್ಲಿ ನೆಂಟರು ಗೋಗರೆದು ತರಿಸಿಕೊಳ್ಳುವ ವಸ್ತು ವಲಸೆ ಬಂದವಳ ಬೀದಿಯ ಅಂಗಡಿಯಲ್ಲೇ ಸಾಲಾಗಿ ಕೂತಿರುತ್ತದೆ. ಅಮೆರಿಕದಲ್ಲಾದರೆ ಬಡ ತಾಯಂದಿರಿಗೆ ಅದು ಪುಕ್ಕಟೆ. 1972ರಲ್ಲಿ ಹುಟ್ಟಿದ ಡಬ್ಲ್ಯುಐಸಿ ಎಂಬ ಪೌಷ್ಟಿಕ ಆಹಾರ ಯೋಜನೆ ವಲಸೆಯ ದಾಖಲೆಗಳನ್ನು ಕೇಳದೆ ಪುಡಿಹಾಲು ಒದಗಿಸುತ್ತದೆ, ಆ ದೇಶದಲ್ಲಿ ಬಿಕರಿಯಾಗುವ ಪುಡಿಹಾಲಿನ ಸುಮಾರು ಅರ್ಧ ಈ ಯೋಜನೆಯ ಮೂಲಕವೇ ಹೋಗುತ್ತದೆ. ಹಾಲೂಡುವ ತಾಯಿಗೆ ಹೆಚ್ಚಿನ ಆಹಾರ ಕೊಡುವಂತೆ 2009ರಲ್ಲಿ ಯೋಜನೆಯನ್ನು ತಿದ್ದಿದರು. ಅದು ಕೊಡುವುದು ಆಹಾರ ಮಾತ್ರ, ರಜೆಯನ್ನಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಶುದ್ಧ ನೀರು, ಒಳ್ಳೆಯ ಆಸ್ಪತ್ರೆ, ಕಟ್ಟುನಿಟ್ಟಾಗಿ ಪರೀಕ್ಷಿಸಿದ ಪುಡಿಹಾಲು ಎಲ್ಲ ಇರುವ ದೇಶದಲ್ಲಿ ಇದನ್ನು ಇಷ್ಟು ದೊಡ್ಡದು ಮಾಡಬೇಕೇ? ಮಾಂಟ್ರಿಯಲ್‌ನ ಅದೇ ಮೈಕೆಲ್ ಕ್ರೇಮರ್ ಮುಂದೆ ಬೆಲಾರುಸ್‌ನಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಸಿಕ್ಕಿರುವ ಅತ್ಯುತ್ತಮ ಉತ್ತರ. 31 ಆಸ್ಪತ್ರೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಮಾತ್ರ ಎದೆಹಾಲಿಗೆ ವಿಶೇಷ ಬೆಂಬಲ ಕೊಟ್ಟರು. 17,000 ತಾಯಿ-ಮಕ್ಕಳ ಈ ಅಧ್ಯಯನದ ಮೊದಲ ಫಲಿತಾಂಶ 2001ರಲ್ಲಿ ಬಂತು. ಮೊದಲ ವರ್ಷದಲ್ಲಿ ಹೊಟ್ಟೆಯ ಸೋಂಕು, ಚರ್ಮದ ಇಸುಬು ನಿಚ್ಚಳವಾಗಿ ಕಡಿಮೆಯಾಗಿದ್ದವು, ಆರೂವರೆ ವರ್ಷಕ್ಕೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಒಂದಿಷ್ಟು ಮುನ್ನಡೆ ಕಂಡಿತು. ಬೊಜ್ಜು ತಡೆಯುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಮಾತ್ರ ಆಧಾರ ಸಿಗಲಿಲ್ಲ. ಹಾಂಗ್‌ಕಾಂಗ್‌ನಲ್ಲಿ 1997ರಲ್ಲಿ ಹುಟ್ಟಿದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲೂ ಎದೆಹಾಲಿಗೂ ಬೊಜ್ಜಿಗೂ ನಂಟು ಕಾಣಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಎದೆಹಾಲು ಕುಡಿಸುವವರು ಹೆಚ್ಚಾಗಿ ಓದಿದವರು, ಉಳ್ಳವರು. ಆದ್ದರಿಂದ ಅವರ ಮಕ್ಕಳ ಆರೋಗ್ಯದ ಯಶಸ್ಸು ಹಾಲಿನದೋ ಹಣದ್ದೋ ಎಂದು ಬಿಡಿಸುವುದು ಕಷ್ಟ. ಹಾಂಗ್‌ಕಾಂಗ್‌ನಲ್ಲಿ ಆಗ ಅಂಥ ವರ್ಗಭೇದ ಎದ್ದು ಕಾಣುತ್ತಿರಲಿಲ್ಲವಾದ್ದರಿಂದ ಈ ಪುರಾವೆಗೆ ತೂಕ ಹೆಚ್ಚು. ಒಟ್ಟಿನಲ್ಲಿ ಲಾಭ ನಿಜ, ಆದರೆ ಪ್ರಚಾರಪತ್ರಗಳು ಹೇಳುವುದಕ್ಕಿಂತ ಚಿಕ್ಕದು. ಬಾಟಲಿ ಹಿಡಿದ ತಾಯಿಯನ್ನು ಅಪರಾಧಿಯಂತೆ ನೋಡಲು ವಿಜ್ಞಾನದ ಸಮ್ಮತಿಯಿಲ್ಲ. ಹಾಗೆಂದು ಕುಡಿಸಬೇಕೆಂದು ಹಂಬಲಿಸಿದವಳಿಗೆ ಕುಡಿಸಲಾಗದಂತೆ ಮಾಡಿದ ವ್ಯವಸ್ಥೆಯನ್ನು ಕ್ಷಮಿಸುವುದಕ್ಕೂ ಸಮ್ಮತಿಯಿಲ್ಲ.

ಇನ್ನೊಂದು ಆಕ್ಷೇಪ ಮಾಂಟ್ರಿಯಲ್ ಪ್ರಯೋಗದಿಂದಲೇ ಬರುತ್ತದೆ. ಮಾತಾಡಿ, ಮನವೊಲಿಸಿ, ಬೆಂಬಲಿಸಿದಾಗ ಎದೆಹಾಲು ಹೆಚ್ಚಿತಲ್ಲ, ಹಾಗಾದರೆ ತಿಳಿವಳಿಕೆಯೇ ಕೊರತೆಯಾಗಿತ್ತು ಎಂದಾಗುವುದಿಲ್ಲವೇ? ಸ್ವಲ್ಪಮಟ್ಟಿಗೆ ಹೌದು. ತನ್ನವರೇ ಆದ ವೈದ್ಯೆ ಹೆರಿಗೆಗೆ ಮುಂಚೆಯೂ ಆಮೇಲೂ ಜೊತೆಗಿದ್ದರೆ ಎರಡನೇ ರಾತ್ರಿಯ ಬಾಟಲಿ ತಪ್ಪುತ್ತದೆ, ಕಾಮಾಲೆಯ ಗಾಬರಿ ಇಳಿಯುತ್ತದೆ. ಹೊತ್ತು ಇರುವವರಿಗೆ ಮಾಹಿತಿ ನಿಜಕ್ಕೂ ನೆರವಾಗುತ್ತದೆ. ಹೊತ್ತೇ ಇಲ್ಲದವರ ಬಗ್ಗೆ ತಿಳಿಯಲು ಅದೇ ಕೆನಡಾದ ಇನ್ನೊಂದು ಅಧ್ಯಯನ ನೋಡಬೇಕು. 2000ನೇ ಇಸವಿಯ ಕೊನೆಯಲ್ಲಿ ಕೆನಡಾ ತಾಯ್ತನದ ಸಂಬಳಸಹಿತ ರಜೆಯನ್ನು ಸುಮಾರು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿತು. ಆ ದಿನಾಂಕದ ಆಚೀಚೆ ಹೆತ್ತವರನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಬೇಕರ್ ಮತ್ತು ಕೆವಿನ್ ಮಿಲಿಗನ್ 2008ರಲ್ಲಿ ಬರೆದ ಪ್ರಕಾರ, ಎದೆಹಾಲು ಕುಡಿಸುವ ಅವಧಿಯೂ, ಆರು ತಿಂಗಳು ಬರೀ ಎದೆಹಾಲು ಕುಡಿಸಿದವರ ಪ್ರಮಾಣವೂ ದೊಡ್ಡ ಮಟ್ಟದಲ್ಲಿ ಏರಿದವು. ಒಂದು ದಿನಾಂಕದ ಆಚೀಚೆಯ ತಾಯಂದಿರ ತಿಳಿವಳಿಕೆಯಲ್ಲೋ ನಂಬಿಕೆಯಲ್ಲೋ ಅಂತರವಿರುವುದಿಲ್ಲ, ಬದಲಾದದ್ದು ರಜೆಯೊಂದೇ. ಇದೇ ಅಧ್ಯಯನಕ್ಕೆ ಮಕ್ಕಳ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಹೆಚ್ಚಿನ ಮಾನದಂಡಗಳಲ್ಲಿ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಹಿಂದೆ ಹೇಳಿದ ಚಿಕ್ಕ ಲಾಭದ ಮಾತಿಗೆ ಅದು ಹೊಂದುತ್ತದೆ.

ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಸಂಬಳದ ಹೆರಿಗೆ ರಜೆ ಇಂದಿಗೂ ಇಲ್ಲ. 1993ರ ಕಾಯ್ದೆ ಕೊಡುವ ಹನ್ನೆರಡು ವಾರಕ್ಕೆ ಸಂಬಳವಿಲ್ಲ, ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಅದು ಅನ್ವಯಿಸುವುದೂ ಇಲ್ಲ. ಚೈನಾಟೌನಿನ ಯಾವ ನೂಡಲ್ ಅಂಗಡಿಯಲ್ಲಿ ಐವತ್ತು ನೌಕರರಿರುತ್ತಾರೆ? ನ್ಯೂಯಾರ್ಕ್ ರಾಜ್ಯ 2018ರಲ್ಲಿ ತನ್ನದೇ ಸಂಬಳದ ರಜೆ ಶುರುಮಾಡಿತು. ಆದರೆ ಲೆಕ್ಕಪುಸ್ತಕದಲ್ಲಿ ಹೆಸರೇ ಇಲ್ಲದೆ ಕೈಗೆ ನಗದು ಪಡೆದು ದುಡಿಯುವವಳು ಅದನ್ನು ಕೇಳಲು ಹೋಗುವುದು ಕಷ್ಟ. 2022ರ ಡಿಸೆಂಬರ್‌ನಲ್ಲಿ ಬಂದ ಪಂಪ್ ಕಾಯ್ದೆ ಕೆಲಸದ ನಡುವೆ ಹಾಲು ಹಿಂಡಿಕೊಳ್ಳಲು ಬಿಡುವನ್ನೂ ಶೌಚಾಲಯವಲ್ಲದ ಮರೆಯ ಜಾಗವನ್ನೂ ಕೂಸಿಗೆ ವರ್ಷ ತುಂಬುವವರೆಗೆ ಹಕ್ಕಾಗಿ ಕೊಟ್ಟಿತು. ಇಲ್ಲೂ ಐವತ್ತಕ್ಕಿಂತ ಕಡಿಮೆ ನೌಕರರಿರುವ ಮಾಲೀಕ ತನಗೆ ವಿಪರೀತ ಹೊರೆಯಾಗುತ್ತದೆ ಎಂದು ತೋರಿಸಿಕೊಟ್ಟು ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳದ ಒಳ್ಳೆಯ ಮಾಲೀಕನೇ ಸಿಕ್ಕಿದ ಎಂದಿಟ್ಟುಕೊಂಡರೂ, ಓಹಾಯೊದ ಹೋಟೆಲೊಂದರ ಅಡುಗೆಮನೆಯಲ್ಲಿ ಅವಳು ಹಿಂಡಿದ ಹಾಲು ಚಾಂಗ್ಲೆಯಲ್ಲಿರುವ ಕೂಸಿಗೆ ಮುಟ್ಟುವುದಿಲ್ಲ. ಹಾಗಾಗಿ ಅವಳ ಮಟ್ಟಿಗೆ ಕೂಸಿನ ಆಹಾರದ ನೀತಿ ಎಂದರೆ ಸಾಲದ ಬಡ್ಡಿಯ ದರ, ಕೂಸು ನೋಡಿಕೊಳ್ಳುವವರ ಸಂಬಳ ಮತ್ತು ವೀಸಾದ ನಿಯಮ. ಈ ಮೂರೂ ಯಾವ ಆರೋಗ್ಯ ಇಲಾಖೆಯ ಕೈಯಲ್ಲೂ ಇಲ್ಲ.